ಮನೆಯ ಹಾಡಿನ ಧ್ವನಿಮುದ್ರಣಕ್ಕೆ ಸಮಯವೆಲ್ಲಿ?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಎಲ್ಲಿ ಕೂಡಿದರೂ ಒಂದು ಪ್ರಶ್ನೆಯು ತಪ್ಪದೆ ಬರುವದು: “ಈಗಲೂ ಹಾಡುತ್ತೀಯೇನು?” ಅದಕ್ಕೆ ಉತ್ತರವೂ ತಪ್ಪದೆ ಒಂದೇ ಆಗಿರುವದು: “ಪುರಸತ್ತೆಲ್ಲಿ?” ಒಂದು ಕಾಲಕ್ಕೆ ಶಾಲೆಯ ಪ್ರಾರ್ಥನಾಮಂದಿರದಲ್ಲಿ ಹಾರ್ಮೋನಿಯಮ್ಮಿನ ಎಡಬಲಕ್ಕೆ ನಿಂತು ಕಂಠವೆತ್ತಿ ಹಾಡಿದವರು, ಸಮ್ಮೇಲನದ ದಿನ ಬಹುಮಾನ ಪಡೆದವರು, ಇಂದು ಅಡಿಗೆಯ ಮನೆಯಲ್ಲಿ ಅರ್ಧ ಪದವನ್ನು ಗುನುಗುನಿಸಿ ಬಿಟ್ಟುಬಿಡುತ್ತಾರೆ. ಧ್ವನಿಯನ್ನು ಹಿಡಿದಿಡಬಲ್ಲ ಯಂತ್ರವಾದರೋ, ಮೊಬೈಲಿನ ರೂಪದಲ್ಲಿ, ಹಗಲಿರುಳೂ ಅವರ ಕೈಯಲ್ಲಿಯೇ ಇರುವದು. ಯಂತ್ರವಿದೆ, ಕಂಠವಿದೆ, ಪದಗಳಿವೆ, ಸಮಯವೊಂದಿಲ್ಲ. ಈ ಕೊರತೆಯು ನಿಜವಾದದ್ದೋ, ನಿಜವಾಗಿದ್ದರೆ ಅದನ್ನು ತುಂಬಿಕೊಡಬೇಕಾದವರು ಯಾರು, ಎಂಬ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ಇಡಲು ಇಚ್ಛಿಸುತ್ತೇವೆ.

ನಾವು ಸವಣೂರು ತಾಲೂಕಿನ ಹತ್ತಿಮತ್ತೂರಿನವರು. ನಮ್ಮೂರಿನ ಒಬ್ಬ ಗೃಹಿಣಿಯ ದಿನಚರಿಯನ್ನು ನೋಡಿದರೆ “ಪುರಸತ್ತೆಲ್ಲಿ?” ಎಂಬ ಮಾತು ಸೋಮಾರಿತನದ ಮಾತಲ್ಲವೆಂದು ಯಾರಿಗಾದರೂ ತಿಳಿಯುವದು. ಬೆಳಗಿನ 5 ಗಂಟೆಗೆ ಕಸ, ನೀರು, ಎಮ್ಮೆಯ ಹಾಲು. ಆಮೇಲೆ ರೊಟ್ಟಿ, ಮಕ್ಕಳ ಬುತ್ತಿ. ನಂತರ ಹೊಲಕ್ಕೆ ಹೋಗುವವಳಾದರೆ ಕಳೆ ತೆಗೆಯುವದು, ಹತ್ತಿ ಬಿಡಿಸುವದು, ಮೆಣಸಿನಕಾಯಿ ಹರಿಯುವದು. ನೌಕರಿಗೆ ಹೋಗುವವಳಾದರೆ ಸವಣೂರಿನ ಕಡೆಗೋ ಹಾವೇರಿಯ ಕಡೆಗೋ ಹೋಗುವ ಬಸ್ಸನ್ನು ಹಿಡಿಯುವದು. ಸಂಜೆಗೆ ಮತ್ತೆ ಒಲೆ, ಮತ್ತೆ ಮಕ್ಕಳ ಪಾಠ, ಹಿರಿಯರ ಔಷಧ. ರಾತ್ರಿ 10ಕ್ಕೆ ದೀಪವಾರಿಸುವಾಗ ಅವಳ ಬಾಯಲ್ಲಿ ಹಾಡು ಬರುವದಿಲ್ಲ, ಆಕಳಿಕೆ ಬರುವದು. ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೆಲೆಸಿದ ನಮ್ಮ ಸಹೋದರಿಯರ ದಿನವೂ ಬೇರೆ ತರದ್ದಾಗಿಲ್ಲ; ಹೊಲದ ಬದಲಾಗಿ ಕಚೇರಿ, ಎಮ್ಮೆಯ ಬದಲಾಗಿ ಗಣಕಯಂತ್ರ, ಅಷ್ಟೇ ಭೇದ.

ಆದರೆ ನಮ್ಮ ಅಜ್ಜಿಯರಿಗೆ ಇದಕ್ಕಿಂತ ಹೆಚ್ಚಿನ ವಿರಾಮವಿದ್ದಿತೋ? ಖಂಡಿತವಾಗಿ ಇರಲಿಲ್ಲ. ಅವರು ಕೋಳಿ ಕೂಗುವ ಮೊದಲೇ ಎದ್ದು ಬೀಸುಕಲ್ಲಿನ ಮುಂದೆ ಕುಳಿತು ಮನೆಮಂದಿಗೆಲ್ಲ ಬೇಕಾದ ಜೋಳವನ್ನು ಬೀಸುತ್ತಿದ್ದರು. ಅಷ್ಟೊಂದು ದುಡಿಮೆಯಲ್ಲಿಯೂ ಅವರು ಹಾಡಿದರು. ಬರೇ ಒಂದೆರಡಲ್ಲ, ನೂರಾರು ಪದಗಳನ್ನು ಹಾಡಿದರು. ಇದರ ಗುಟ್ಟೇನು? ಹಾಡಿಗೆ ಪ್ರತ್ಯೇಕವಾದ ಸಮಯವು ಅವರಿಗೆ ಬೇಕಾಗಲಿಲ್ಲ. ಕಲ್ಲಿನ ಸುತ್ತು ತಾಳವಾಯಿತು, ಎದುರು ಕುಳಿತ ನೆಗೆಣ್ಣಿಯು ಹಿಮ್ಮೇಳವಾದಳು. ಕೆಲಸವೇ ಹಾಡಿಗೆ ತಾವನ್ನು ಮಾಡಿಕೊಟ್ಟಿತ್ತು. ತೊಟ್ಟಿಲಿಗೆ ಜೋಗುಳ, ನಾಟಿಗೆ ಒಂದು ಪದ, ಕುಟ್ಟುವದಕ್ಕೆ ಒಂದು ಪದ, ಮದುವೆಯ ಹಂದರಕ್ಕೆ ಸೋಬಾನೆ. ಹೀಗೆ ಪ್ರತಿಯೊಂದು ಕೆಲಸದ ಜೊತೆಗೂ ಒಂದೊಂದು ಪದವು ಕಟ್ಟಿಕೊಂಡಿತ್ತು.

ಮುಂದೆ ಹಿಟ್ಟಿನ ಗಿರಣಿಯು ಬಂದಿತು. ಬೀಸುಕಲ್ಲು ಹಿತ್ತಲಿಗೆ ಹೋಯಿತು. ಅದಕ್ಕಾಗಿ ನಾವು ಕಣ್ಣೀರು ಸುರಿಸುವವರಲ್ಲ. ಹೆಣ್ಣುಮಕ್ಕಳ ತೋಳಿನ ನೋವು ಕಡಿಮೆಯಾದದ್ದು ಒಳ್ಳೆಯದೇ ಆಯಿತು. ಆದರೆ ಗಿರಣಿಯು ಉಳಿಸಿಕೊಟ್ಟ ಆ ಎರಡು ತಾಸು ಎಲ್ಲಿಗೆ ಹೋಯಿತೆಂದು ಯಾರೂ ಲೆಕ್ಕ ಕೇಳಲಿಲ್ಲ. ಅದು ಹಾಡುವವಳ ಕೈಗೆ ಬರಲಿಲ್ಲ. ಬೇರೊಂದು ಕೆಲಸವು ಬಂದು ಅದನ್ನು ನುಂಗಿತು. ಕಲ್ಲಿನ ಸಂಗಡ ಶ್ರಮವು ಹೋಯಿತು, ಶ್ರಮದ ಸಂಗಡ ಹಾಡಿನ ತಾವೂ ಹೋಯಿತು. ಇಂದಿನ ಹಾಡುವವಳಿಗೆ ಸಮಯವು ತಾನಾಗಿ ಸಿಕ್ಕುವದಿಲ್ಲವೆಂಬದರ ಕಾರಣವು ಇದೇ. ಆದಕಾರಣ ಅದನ್ನು ಬೇಕೆಂದೇ ನೇಮಿಸಬೇಕು, ಮತ್ತು ಮನೆಯವರೆಲ್ಲರೂ ಕೂಡಿ ಅದನ್ನು ಕಾಯ್ದುಕೊಡಬೇಕು. ನಮ್ಮ ಲೇಖನದ ತಾತ್ಪರ್ಯವು ಇಷ್ಟೇ.

ಅಂಥ ಅವಸರವೇನಿದೆ ಎಂದು ಕೆಲವರು ಕೇಳಬಹುದು. ಹಾಡುಗಳು ಪುಸ್ತಕಗಳಲ್ಲಿ ಇವೆಯಲ್ಲವೆ? ಹೌದು, ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳನ್ನು ‘ಗರತಿಯ ಹಾಡು’ ಎಂಬ ಹೆಸರಿನಿಂದ 1931ರಲ್ಲಿ ಪ್ರಕಟಿಸಿದರು. ಆ ಉಪಕಾರವು ಕನ್ನಡಿಗರ ಮೇಲೆ ದೊಡ್ಡದು. ಆದರೆ ಪುಸ್ತಕವು ಶಬ್ದವನ್ನು ಉಳಿಸಬಲ್ಲದು, ಧಾಟಿಯನ್ನು ಉಳಿಸಲಾರದು; ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದರೂ ಹಾಡಿದವಳ ಕಂಠವನ್ನು ಉಳಿಸಲಾರದು. ನಮ್ಮ ನೆರೆಯ ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು ತೀರಿಕೊಂಡದ್ದು 1889ರಲ್ಲಿ. ಅಮೆರಿಕೆಯ ಎಡಿಸನ್ನನು ಧ್ವನಿಯನ್ನು ಹಿಡಿದು ಮರಳಿ ನುಡಿಸುವ ಯಂತ್ರವನ್ನು 1877ರಲ್ಲಿಯೇ ಮಾಡಿದ್ದನು. ನಡುವೆ 12 ವರ್ಷಗಳಿದ್ದರೂ ಆ ಯಂತ್ರಕ್ಕೂ ಶಿಶುನಾಳಕ್ಕೂ ಭೆಟ್ಟಿಯಾಗಲಿಲ್ಲ. ಅವರ ಪದಗಳು ಜನರ ಬಾಯಲ್ಲಿ ಉಳಿದವು. ಅವರ ಧ್ವನಿ ಹೇಗಿತ್ತೆಂದು ಇಂದು ಹೇಳಬಲ್ಲವರಿಲ್ಲ. ಅಂದು ಯಂತ್ರವು ದೂರವಿತ್ತು, ಅದು ಯಾರ ತಪ್ಪೂ ಅಲ್ಲ. ಇಂದು ಯಂತ್ರವು ಸೆರಗಿನಲ್ಲಿಯೇ ಇರುವಾಗ ಧ್ವನಿಯು ಹೋದರೆ ಆ ತಪ್ಪು ನಮ್ಮದು.

ಈ ಮಾತನ್ನು ನಾವು ಪರರಿಗೆ ಬುದ್ಧಿ ಹೇಳುವದಕ್ಕಾಗಿ ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ಒಬ್ಬ ದೊಡ್ಡಮ್ಮನಿದ್ದಳು. ಓಣಿಯಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಆಕೆಯಿಲ್ಲದೆ ಹಾಡು ಏಳುತ್ತಿರಲಿಲ್ಲ. ಆಕೆಯ ಪದಗಳನ್ನೆಲ್ಲ ಮುದ್ರಿಸಿಕೊಳ್ಳಬೇಕೆಂದು ನಾವು ಮೊಬೈಲು ಕೊಂಡ ವರ್ಷವೇ ನಿಶ್ಚಯಿಸಿದೆವು. ಆ ವರ್ಷ ಬೇಸಿಗೆಯ ರಜೆಯಲ್ಲಿ ಮನೆಗೆ ಬಣ್ಣ ಹಚ್ಚುವದಿತ್ತು; ದೀಪಾವಳಿಗೆ ನೆಂಟರಿದ್ದರು; ಮರುವರ್ಷ ಮಗನ ಪರೀಕ್ಷೆಯಿತ್ತು. “ಮುಂದಿನ ರಜೆಗೆ ಖಂಡಿತ, ದೊಡ್ಡಮ್ಮಾ” ಎಂದು ನಾವು ಹೇಳುವದೂ, “ಆಗಲಿ ಬಿಡವಾ, ನಾ ಎಲ್ಲಿಗೆ ಹೋಗತೇನಿ” ಎಂದು ಆಕೆ ನಗುವದೂ ನಾಲ್ಕು ವರ್ಷ ನಡೆಯಿತು. ಐದನೆಯ ವರ್ಷ ಆಕೆಯೇ ಇರಲಿಲ್ಲ. ಇಂದು ನಮ್ಮಲ್ಲಿ ಉಳಿದಿರುವದು ಮಗಳು ಆಟಕ್ಕೆಂದು ಹಿಡಿದ 40 ಸೆಕೆಂಡಿನ ಒಂದು ತುಣುಕು ಮಾತ್ರ. ಅದರಲ್ಲಿಯೂ ಅರ್ಧದಷ್ಟು ಮಿಕ್ಸರಿನ ಗರಗರ ಧ್ವನಿಯು ತುಂಬಿದೆ. ಆ ಮಿಕ್ಸರನ್ನು ತಿರುಗಿಸುತ್ತಿದ್ದವರು ನಾವೇ. ನಾಲ್ಕು ವರ್ಷಗಳಲ್ಲಿ ನಮಗೆ 20 ನಿಮಿಷಗಳು ಸಿಕ್ಕಲಿಲ್ಲವೆಂದು ಈಗ ಯಾರ ಮುಂದೆ ಹೇಳಿಕೊಳ್ಳೋಣ? ಸಮಯವಿದ್ದಿತು, ನಾವು ದೊಡ್ಡ ಸಮಯಕ್ಕಾಗಿ ಕಾದು ಸಣ್ಣ ಸಮಯವನ್ನೆಲ್ಲ ಬಿಟ್ಟುಕೊಟ್ಟೆವು.

ದೊಡ್ಡ ಸಮಯವು ಬೇಕೆಂಬ ಭ್ರಮೆಯನ್ನು ಬಿಡಿಸಲು ಧ್ವನಿಮುದ್ರಣದ ಚರಿತ್ರೆಯೇ ಸಾಕು. 1902ರ ನವೆಂಬರಿನಲ್ಲಿ ಗೈಸ್‌ಬರ್ಗ್ ಎಂಬವನು ಗ್ರಾಮೋಫೋನ್ ಕಂಪನಿಯ ಪರವಾಗಿ ಕಲಕತ್ತೆಗೆ ಬಂದು ಹೋಟೆಲೊಂದರ ಕೋಣೆಯಲ್ಲಿ ತನ್ನ ಯಂತ್ರವನ್ನು ಹೂಡಿದನು. ಆಗಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷಗಳ ಹಾಡು ಮಾತ್ರ ಹಿಡಿಸುತ್ತಿತ್ತು. ವಿದ್ಯುತ್ತಿನ ಮೈಕು ಇನ್ನೂ ಬಂದಿರಲಿಲ್ಲ. ಹಾಡುವವರು ಒಂದು ದೊಡ್ಡ ತುತ್ತೂರಿಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ತಾಸುಗಟ್ಟಲೆ ರಾಗವನ್ನು ಹಾಡಬಲ್ಲ ಗೌಹರ್ ಜಾನಳು ಆ 3 ನಿಮಿಷಗಳಲ್ಲಿಯೇ ರಾಗದ ಸಾರವನ್ನು ಹಿಂಡಿಟ್ಟು, ಕಡೆಯಲ್ಲಿ ತನ್ನ ಹೆಸರನ್ನೂ ಹೇಳಿ ಮುಗಿಸಿದಳು. 120 ವರ್ಷಗಳಿಗೂ ಮೇಲಾದರೂ ಆ ಧ್ವನಿಯು ಇಂದು ಕೇಳಬರುತ್ತಿದೆ. ಹೋಟೆಲಿನ ಕೋಣೆ, 3 ನಿಮಿಷ, ತುತ್ತೂರಿ. ಇಷ್ಟರಿಂದ ಅಂಥ ಕೆಲಸವಾಗಿದ್ದರೆ ನಮ್ಮ ದೇವರಕೋಣೆ, ನಮ್ಮ 20 ನಿಮಿಷ, ನಮ್ಮ ಮೊಬೈಲು ಸಾಲವೆಂದು ಹೇಳುವದು ಸರಿಯಾಗಲಾರದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎಡಿಸನ್ನನ ಸುರುಳಿಯ ಯಂತ್ರದಲ್ಲಿ ಮನೆಯವರು ತಮ್ಮ ಧ್ವನಿಯನ್ನು ತಾವೇ ತುಂಬಬಹುದಾಗಿತ್ತು. ಅದನ್ನು ಹಿಂದೆ ಹಾಕಿದ ತಟ್ಟೆಯ ಗ್ರಾಮೋಫೋನಿನಲ್ಲಿ ಕೇಳುವದಕ್ಕೆ ಮಾತ್ರ ಅನುಕೂಲವಿತ್ತು; ತುಂಬುವ ಕೆಲಸವು ಕಂಪನಿಯ ಪಾಲಿಗೆ ಹೋಯಿತು. 1950ರಲ್ಲಿ ಧಾರವಾಡದ ಆಕಾಶವಾಣಿಯು ಆರಂಭವಾದಾಗ ನಮ್ಮ ಸೀಮೆಯ ಹಾಡುಗಾರರಿಗೆ ದೊಡ್ಡ ಬಾಗಿಲು ತೆರೆಯಿತು. ಆದರೂ ಅಲ್ಲಿಗೆ ಹೋಗಲಾರದವರು ಕೇಳುವವರಾಗಿಯೇ ಉಳಿದರು. 1963ರಲ್ಲಿ ಫಿಲಿಪ್ಸ್ ಕಂಪನಿಯವರು ಸಣ್ಣ ಕ್ಯಾಸೆಟ್ಟನ್ನು ಹೊರತಂದರು. ಅದು ಬರಬರುತ್ತಾ ನಮ್ಮ ಹಳ್ಳಿಗಳಿಗೂ ಬಂದಾಗ ಧ್ವನಿಯನ್ನು ತುಂಬುವ ಅಧಿಕಾರವು ಮನೆಗೆ ಮರಳಿತು. ಈಗ ಮೊಬೈಲು ಆ ಅಧಿಕಾರವನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದರೆ ಬಹುಕಾಲ ಕೇಳುತ್ತ ಕುಳಿತ ರೂಢಿಯು ನಮ್ಮನ್ನು ಬಿಟ್ಟಿಲ್ಲ. ದಿನಕ್ಕೆ ಒಂದು ತಾಸು ಪರರ ಹಾಡನ್ನು ಅದರಲ್ಲಿ ಕೇಳುತ್ತೇವೆ; ನಮ್ಮ ತಾಯಿಯ ಹಾಡಿಗೆ ಒಂದು ನಿಮಿಷ ಅದರ ಗುಂಡಿಯನ್ನು ಒತ್ತುವದಿಲ್ಲ.

ಹೆಸರಿನಲ್ಲಿಯೇ ನಮ್ಮ ಜಿಲ್ಲೆಯ ಹಾನಗಲ್ಲನ್ನು ಹೊತ್ತ ಗಂಗೂಬಾಯಿ ಹಾನಗಲ್ಲರ (1913-2009) ಜೀವನವು ಈ ವಿಷಯದಲ್ಲಿ ಎರಡು ಪಾಠಗಳನ್ನು ಕಲಿಸುವದು. ಮಕ್ಕಳ ತಾಯಿಯಾಗಿ ಸಂಸಾರದ ಭಾರವನ್ನು ಹೊತ್ತಿದ್ದಾಗಲೇ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠವನ್ನು ಹೇಳಿಸಿಕೊಂಡು ಬರುತ್ತಿದ್ದರು. ಅದೇ ದಾರಿಯು ಮುಂದೆ ಗುಡಗೇರಿ, ಯಲವಿಗಿಗಳನ್ನು ದಾಟಿ ಹಾವೇರಿಗೆ ಹೋಗುವದು; ಆ ರೈಲಿನ ಸಿಳ್ಳು ನಮಗೆಲ್ಲ ಪರಿಚಿತವಾದದ್ದೇ. ರೈಲಿನ ವೇಳೆಯು ನಿಶ್ಚಿತವಾಗಿದ್ದರಿಂದ ಪಾಠದ ವೇಳೆಯೂ ನಿಶ್ಚಿತವಾಯಿತು. ಸೋದರಮಾವ ರಾಮಣ್ಣನವರು ಜೊತೆಗೆ ಹೋಗಿ ಬರುತ್ತಿದ್ದುದರಿಂದ ಅದು ಮನೆಯವರೂ ಒಪ್ಪಿದ ವೇಳೆಯಾಯಿತು. ನಿಶ್ಚಿತವಾದ ವೇಳೆ, ಮನೆಯವರ ಬೆಂಬಲ. ಇದು ಮೊದಲನೆಯ ಪಾಠ. ಎರಡನೆಯದು: 1930ರ ದಶಕದ ಆರಂಭದಲ್ಲಿ ಎಚ್.ಎಂ.ವಿ.ಯವರು ಮುದ್ರಿಸಿಕೊಂಡ ಅವರ ತಟ್ಟೆಗಳಲ್ಲಿ ಕೇಳಬರುವದು ಎತ್ತರದ, ತೆಳುವಾದ ಹೆಣ್ಣುಕಂಠ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಕಂಠವು ಲೋಕಪ್ರಸಿದ್ಧವಾದ ಗಂಭೀರ ಧ್ವನಿಯಾಗಿ ಮಾರ್ಪಟ್ಟಿತು. ಹಳೆಯ ತಟ್ಟೆಗಳಿರದಿದ್ದರೆ ಮೊದಲಿನ ಕಂಠವು ಇತ್ತೆಂಬದೇ ನಮಗೆ ತಿಳಿಯುತ್ತಿರಲಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಹಾಡೋಣವೆನ್ನುವ ಸಹೋದರಿಯರು ಇದನ್ನು ನೆನೆಯಲಿ. ಮಕ್ಕಳು ದೊಡ್ಡವರಾಗುವರು, ಆದರೆ ಇಂದಿನ ಕಂಠವು ಅಲ್ಲಿಯ ವರೆಗೆ ಕಾದಿರುವದಿಲ್ಲ.

ಇನ್ನು ಮಾಡತಕ್ಕ ರೀತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಬಹಳ ಜನರು ಕೆಡುವದು ಮೂರು ಕೆಲಸಗಳನ್ನು ಒಂದೇ ವೇಳೆಯಲ್ಲಿ ಮಾಡಹೋಗುವದರಿಂದ. ಅಭ್ಯಾಸ ಮಾಡುವದು ಒಂದು ಕೆಲಸ, ಮುದ್ರಿಸುವದು ಇನ್ನೊಂದು, ಮುದ್ರಿಸಿದ್ದನ್ನು ಆರಿಸಿ ಜೋಡಿಸಿಡುವದು ಮೂರನೆಯದು. ಅಭ್ಯಾಸಕ್ಕೆ ಬೇರೆ ಸಮಯವು ಬೇಡ. ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ, ಹೊಲದ ದಾರಿಯಲ್ಲಿ ನಡೆಯುವಾಗ, ಅಜ್ಜಿಯರಂತೆಯೇ ಹಾಡಿಕೊಳ್ಳಬಹುದು. ವಾರವೆಲ್ಲ ಒಂದೇ ಪದವನ್ನು ಹೀಗೆ ಪಳಗಿಸಬೇಕು. ಮುದ್ರಣಕ್ಕೆ ವಾರಕ್ಕೊಮ್ಮೆ 20 ನಿಮಿಷ, ಒಂದೇ ದಿನ, ಒಂದೇ ವೇಳೆ. ಜೋಡಿಸಿಡುವದಕ್ಕೆ ತಿಂಗಳಿಗೊಮ್ಮೆ ಅರ್ಧ ತಾಸು ಸಾಕು. 20 ನಿಮಿಷಗಳಂತೆ 52 ವಾರಗಳಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 17 ತಾಸು ಆಗುವದು; ವರ್ಷದಲ್ಲಿರುವ ತಾಸುಗಳಾದರೋ 8,760. ಅಷ್ಟರಿಂದಲೇ ವರ್ಷದ ಕೊನೆಗೆ 52 ಪದಗಳು ಕೈಗೆ ಬರುವವು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯು ಸುಳ್ಳಲ್ಲ.

ಸ್ಥಳಕ್ಕಾಗಿಯೂ ಚಿಂತಿಸಬೇಕಾಗಿಲ್ಲ. ಬರಿಗೋಡೆಯ ಕೋಣೆಯಲ್ಲಿ ಧ್ವನಿಯು ಗೋಡೆಗೆ ಬಡಿದು ಮರಳಿ ಬರುವದರಿಂದ ಹಾಡು ಮಸುಕಾಗುವದು. ಹಾಸಿಗೆ, ಕೌದಿ, ಜೋಳದ ಚೀಲಗಳನ್ನು ಇಟ್ಟ ಕೋಣೆಯು ಎಲ್ಲಕ್ಕಿಂತ ಉತ್ತಮ. ಅರಳೆಯೂ ಕೌದಿಯೂ ಧ್ವನಿಯನ್ನು ಹೀರಿಕೊಳ್ಳುವವು. ಪಂಖೆಯನ್ನು ನಿಲ್ಲಿಸಿ, ಮೊಬೈಲಿಗೆ ಕರೆಗಳು ಬಾರದಂತೆ ಮಾಡಿ, ಬಾಯಿಂದ ಒಂದೂವರೆ ಗೇಣು ದೂರದಲ್ಲಿ, ನೇರವಾಗಿ ಅಲ್ಲದೆ ತುಸು ಓರೆಯಾಗಿ, ಮೆತ್ತನೆಯ ಬಟ್ಟೆಯ ಮೇಲೆ ಅದನ್ನು ಇಡಬೇಕು. ಮೊದಲು ಅರ್ಧ ನಿಮಿಷ ಹಾಡಿ, ಕೇಳಿ ನೋಡಬೇಕು. ಬೆಳಗಿನ 5ರ ಒಳಗೆ ಅಥವಾ ರಾತ್ರಿ 9ರ ನಂತರ ಟ್ರ್ಯಾಕ್ಟರಿನ, ಗಿರಣಿಯ ಸಪ್ಪಳವಿರುವದಿಲ್ಲ. ಅಷ್ಟಾಗಿಯೂ ಗುಬ್ಬಿಯ ಧ್ವನಿಯೋ ಎಮ್ಮೆಯ ಕೂಗೋ ಕೇಳಿಸಿದರೆ ಇರಲಿ ಬಿಡಿರಿ. ಅದು ನಮ್ಮ ಊರಿನ ಗುರುತು. ಪದದ ಮೊದಲಿಗೆ ಹಾಡುವವರ ಹೆಸರು, ಊರು, ದಿನಾಂಕ, ಆ ಪದವನ್ನು ಯಾರಿಂದ ಕಲಿತರೆಂಬದನ್ನು ಬಾಯಿಂದಲೇ ಹೇಳಿಸಬೇಕು. ಗೌಹರ್ ಜಾನಳು ಹೆಸರು ಹೇಳಿದ್ದರ ಪ್ರಯೋಜನವು ಇಂದು ನಮಗೆ ಗೊತ್ತಾಗಿದೆ. 3 ನಿಮಿಷದ ಪದವನ್ನು ಗುಣ ಕೆಡದಂತೆ ಒಂಟಿ ವಾಹಿನಿಯಲ್ಲಿ ಇಟ್ಟರೆ ಸುಮಾರು 16 ಮೆಗಾಬೈಟು ಹಿಡಿಯುವದು. 52 ಪದಗಳಿಗೂ ಒಂದು ಗಿಗಾಬೈಟು ಬೇಕಾಗುವದಿಲ್ಲ. ಆದ್ದರಿಂದ ಎರಡು ಬೇರೆ ಬೇರೆ ಕಡೆಗಳಲ್ಲಿ ಪ್ರತಿಯನ್ನು ಇಡುವದು ಕಷ್ಟವಲ್ಲ. ಒಂದೇ ಮೊಬೈಲಿನಲ್ಲಿ ಇಟ್ಟ ಹಾಡು ಒಂದೇ ಮಡಕೆಯಲ್ಲಿ ಇಟ್ಟ ಬೀಜದಂತೆ.

ನಮ್ಮ ಶಾಲೆಯಲ್ಲಿ ನಾಲ್ಕು ಸ್ವರಭಾಗಗಳ ಕೂಡುಹಾಡನ್ನು ಕಲಿತವರಿಗೆ ಮತ್ತೊಂದು ಸಂತೋಷವು ಕಾದಿದೆ. ಆಗ ಪಕ್ಕಪಕ್ಕದಲ್ಲಿ ನಿಂತವರು ಇಂದು ನಾಲ್ಕು ಊರುಗಳಲ್ಲಿ ಇರಬಹುದು. ಒಬ್ಬಳು ಮೊದಲನೆಯ ಸ್ವರವನ್ನು ಮುದ್ರಿಸಿ ಕಳಿಸಲಿ. ಉಳಿದವರು ಅದನ್ನು ಕಿವಿಯಲ್ಲಿ ಕೇಳುತ್ತ ತಮ್ಮ ತಮ್ಮ ಸ್ವರವನ್ನು ಹಾಡಿ ಕಳಿಸಲಿ. ನಾಲ್ಕನ್ನೂ ಒಂದರ ಮೇಲೊಂದು ಕೂಡಿಸುವ ಸಾಧನವು ಮೊಬೈಲಿನಲ್ಲಿಯೇ ಸಿಕ್ಕುವದು. ವರ್ಷಗಳ ಹಿಂದೆ ಚದರಿದ ಮೇಳವು ಹೀಗೆ ಮತ್ತೆ ಕೂಡಬಲ್ಲದು. ಗೆಳತಿಗೆ ಮಾತು ಕೊಟ್ಟ ಕೆಲಸವನ್ನು ಮುಂದೆ ಹಾಕಲು ಮನಸ್ಸು ಬಾರದಾದ್ದರಿಂದ ಸಮಯವೂ ಹೆಚ್ಚು ಸುಲಭವಾಗಿ ಒದಗುವದು.

“ನಮ್ಮ ಧ್ವನಿ ಚೆನ್ನಾಗಿಲ್ಲ” ಎಂಬ ಆಕ್ಷೇಪಕ್ಕೆ ನಾವು ಹೆಚ್ಚು ಬೆಲೆ ಕೊಡುವದಿಲ್ಲ. ದೊಡ್ಡ ಗಾಯಕರ ಹಾಡು ಲೋಕಕ್ಕೆಲ್ಲ ಸಿಕ್ಕುವದು. ಅವ್ವನ ಜೋಗುಳವು ಅವಳ ಮಕ್ಕಳಿಗೆ ಬೇರೆಲ್ಲಿಯೂ ಸಿಕ್ಕಲಾರದು. ಇದಲ್ಲದೆ ಒಂದು ಎಚ್ಚರಿಕೆಯನ್ನೂ ಹೇಳುವದು ಅವಶ್ಯವಾಗಿದೆ. ಮನೆಯಲ್ಲಿ ಹಾಡಿದ್ದೆಲ್ಲ ಊರಿಗೆ ಹಂಚತಕ್ಕದ್ದಲ್ಲ. ಹಾಡಿದವರ ಒಪ್ಪಿಗೆಯಿಲ್ಲದೆ ಅವರ ಧ್ವನಿಯನ್ನು ಹತ್ತು ಜನರ ಮೊಬೈಲಿಗೆ ಕಳಿಸಿದರೆ, ಮುಂದಿನ ಸಲ ಅಜ್ಜಿಯು ಬಾಯಿ ಬಿಚ್ಚುವದಿಲ್ಲ. ಬಿಚ್ಚದಿರುವದು ನ್ಯಾಯವೂ ಆಗಿದೆ.

ಕಡೆಗೆ, ತಂದೆತಾಯಿಗಳೇ, ಮತ್ತು ನಮ್ಮ ಸಹೋದರಿಯರ ಪತಿಪುತ್ರರೇ, ನಿಮ್ಮೊಡನೆ ನಾಲ್ಕು ಮಾತು. ಹಾಡುವವಳು ಇನ್ನೂ ಬೇಗ ಏಳಲಿ, ಇನ್ನೂ ತಡವಾಗಿ ಮಲಗಲಿ ಎಂದು ಉಪದೇಶಿಸುವದು ಸುಲಭ. ಅವಳ ನಿದ್ದೆಯನ್ನು ಕಡಿದು ಹಾಡನ್ನು ಬೆಳೆಸುವದು ನಮಗೆ ಸಮ್ಮತವಲ್ಲ. ಮನೆಯ ಕೆಲಸವು ಮನೆಯ ಎಲ್ಲರದ್ದು. ವಾರಕ್ಕೊಂದು ಸಂಜೆ ಅರ್ಧ ತಾಸು ಒಲೆಯನ್ನು ನೀವು ನೋಡಿಕೊಳ್ಳಿರಿ, ಮಕ್ಕಳನ್ನು ಹೊರಗೆ ಕರೆದೊಯ್ಯಿರಿ, ದೂರದರ್ಶನವನ್ನು ಆರಿಸಿರಿ, ಬಾಗಿಲ ಬಳಿ ಬಂದ ನೆಂಟರನ್ನು ಕಟ್ಟೆಯ ಮೇಲೆ ಕೂಡ್ರಿಸಿ ಮಾತಾಡಿಸಿರಿ. ಮಗಳ ಸಂಗೀತಕ್ಕಾಗಿ ಶುಲ್ಕವನ್ನು ತೆತ್ತ ತಂದೆತಾಯಿಗಳು ಅವಳಿಗೆ ಮದುವೆಯಾದ ಮೇಲೆಯೂ ಈ ಅರ್ಧ ತಾಸು ಸಿಕ್ಕುವದೋ ಇಲ್ಲವೋ ಎಂದು ವಿಚಾರಿಸುವದು ತಪ್ಪಲ್ಲ. ಸೊಸೆಗೆ ತಾವು ಅದನ್ನು ಕೊಡುತ್ತಿರುವೆವೋ ಎಂದು ಮೊದಲು ವಿಚಾರಿಸಿಕೊಳ್ಳುವದು ಅದಕ್ಕಿಂತಲೂ ಒಳ್ಳೆಯದು.

ನಮ್ಮ ಮನೆಯಲ್ಲಿ ಈಗ ರವಿವಾರ ರಾತ್ರಿ 9 ಗಂಟೆಯಿಂದ 20 ನಿಮಿಷ ಮಿಕ್ಸರು ತಿರುಗುವದಿಲ್ಲ. ದೊಡ್ಡಮ್ಮನ ತಂಗಿಯು, ಅಂದರೆ ನಮ್ಮ ತಾಯಿಯು, ಅಕ್ಕನಿಂದ ಕಲಿತ ಪದಗಳನ್ನು ನೆನಪು ಮಾಡಿಕೊಂಡು ಒಂದೊಂದಾಗಿ ಹಾಡುತ್ತಾಳೆ. ನಡುವೆ ಮರೆಯುತ್ತಾಳೆ, ಕೆಮ್ಮುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಹೋದದ್ದೆಲ್ಲ ಮರಳಿ ಬಂದಿಲ್ಲ, ಬರುವದೂ ಇಲ್ಲ. ಇದುವರೆಗೆ 31 ಪದಗಳಾಗಿವೆ. ಈ ಸಂಚಿಕೆಯನ್ನು ಓದಿ ಮುಗಿಸಿದ ದಿನವೇ ವಾಚಕರು ತಮ್ಮ ಮನೆಯಲ್ಲಿ ಒಂದು ದಿನವನ್ನೂ ಒಂದು ವೇಳೆಯನ್ನೂ ಗೊತ್ತುಮಾಡಿ ಗೋಡೆಯ ಪಂಚಾಂಗದ ಮೇಲೆ ಬರೆದಿಡಬೇಕೆಂದು ನಮ್ಮ ವಿನಯಪೂರ್ವಕವಾದ ಅರಿಕೆ.